ಮೂರಡಿ ಬೋರ್ಡು

ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ತಗಡು.
ಎರಡು ಕೋಟು ನೀಲಿ ಬಳಿದು ಬಿಸಿಲಿಗಿಟ್ಟೆ.
ಸಂಘದವರ ಚೀಟಿ ಜೇಬಿನಲ್ಲಿತ್ತು:
‘ಹವಾಲ್ದಾರ್ ಚೌರಪ್ಪ ಅಡ್ಡರಸ್ತೆ, ದೊಡ್ಡಿಗುಂಟೆ.
ಮೂಲೆಯಲ್ಲಿ ಒಂದು ಕೋವಿ ಇರಲಿ.’

ಫ್ಲೆಕ್ಸು ಬಂದ ಮೇಲೆ ನನ್ನ ಕುಂಚಕ್ಕೆ
ಯಾರೂ ಕೆಲಸ ಹೇಳಿದ್ದಿಲ್ಲ.
ಫ್ಲೆಕ್ಸು ಎರಡು ಮಳೆಗೆ ಹರಿಯುತ್ತೆ,
ಅವರಿಗೆ ಎನಾಮಲ್ಲೇ ಆಗಬೇಕು
ಅಂತ ಹಟ ಹಿಡಿದಳಂತೆ ಇಡ್ಲಿ ಅಂಗಡಿ ಸಗಾಯಮ್ಮ.

ಸೀಮೆಸುಣ್ಣದ ಗೆರೆ ಎಳೆದು ಅಳತೆ ಹಾಕಿದರೆ
‘ಚೌ’ ಅನ್ನೋ ಅಕ್ಷರವೇ ಅರ್ಧ ಜಾಗ ತಿನ್ನುತ್ತೆ.
ಮನುಷ್ಯರೂ ಹಾಗೇ. ನಲ್ಲಿ ಸಾಲಿನಲ್ಲಿ ಬಂದು ನಿಂತರೆ
ಬಿಂದಿಗೆಗಳೂ ಅಟೆನ್ಷನ್ನು.

ಸ್ಯಾಪರ್. ಹಲಸೂರು ಕೆರೆ ಪಕ್ಕದ ಸೆಂಟರಿಗೆ
ಹದಿನೆಂಟಕ್ಕೇ ಸೇರಿದವರು.
ಸೇತುವೆ ಕಟ್ಟೋದು, ಗುಂಡಿ ತೋಡೋದು,
ಯಾರೋ ನೆಲದಲ್ಲಿ ಹೂತಿಟ್ಟ ಸಾವನ್ನು
ಮಗು ಎತ್ತಿದ ಹಾಗೆ ಎತ್ತಿ ಆಚೆಗಿಡೋದು.
ಇಷ್ಟೇ ನಮಗೆ ಗೊತ್ತಿದ್ದದ್ದು.

ಪಿಂಚಣಿ ತಗೊಂಡು ಬಂದ ವರ್ಷ, ಸೆಪ್ಟೆಂಬರ್.
ರಾಜಕಾಲುವೆ ಉಕ್ಕಿ ಬೀದಿ ಸೊಂಟದವರೆಗೆ.
ಸ್ಕೂಲು ಬಿಟ್ಟ ಹನ್ನೊಂದು ಮಕ್ಕಳು ಚರ್ಚಿನ ಮೆಟ್ಟಿಲ ಮೇಲೆ.
ಯಾವ ಮ್ಯಾನ್‌ಹೋಲಿಗೆ ಮುಚ್ಚಳವಿದೆ, ಯಾವುದಕ್ಕಿಲ್ಲ,
ನೀರಿಗೇ ಗೊತ್ತು.
ಚಡ್ಡಿ, ಬನಿಯನ್ನು, ಕೈಯಲ್ಲೊಂದು ಕಿಟಕಿ ಸರಳು.
ಓರೆಯಾಗಿ ಚುಚ್ಚುತ್ತ, ಚುಚ್ಚುತ್ತ ಬಂದರು,
ಬಿಳಿ ಬೆಡ್‌ಶೀಟು ಸೀಳಿ ಕಂಬದಿಂದ ಕಂಬಕ್ಕೆ ಬಿಗಿಯುತ್ತ.
(ಆ ಬೆಡ್‌ಶೀಟಿಗೆ ಜ್ಞಾನಮ್ಮ ಸಾಯುವ ತನಕ ಬೈದರು.)
‘ನನ್ನ ಹೆಜ್ಜೆ ಮೇಲೇ ಹೆಜ್ಜೆ. ಪಕ್ಕಕ್ಕಿಟ್ಟವನಿಗೆ ಒದೆ.’
ಏಳನೆಯವನು ನಾನು. ನನಗೆ ಒಂದಕ್ಕೆ ಬಂದಿತ್ತು.
ಗೋಡೆ ಕಡೆ ತಿರುಗಿದೆ. ರಟ್ಟೆ ಹಿಡಿದೆಳೆದರು.
‘ಇಲ್ಲೇ ಮಾಡು, ನೀರಲ್ಲೇ. ಯಾರೂ ನೋಡಲ್ಲ ಮಗಾ,
ಇಲ್ಲೇ ಮಾಡು.’
ಅಷ್ಟು ದೊಡ್ಡ ಗಂಟಲು ಯಾಕೆ ಒಡೆಯಿತೋ.

ಒಳ್ಳೆಯವರೇ ಅಂತ ಬರೆಯಲಾರೆ.
ಮೋರಿಗೆ ಕಸ ಎಸೆದಳೆಂದು ನಮ್ಮಮ್ಮನನ್ನು
ಬೀದಿಗೆಲ್ಲ ಕೇಳುವ ಹಾಗೆ ಬೈದು
ಎಂಟು ದಿನ ನಮ್ಮನೆ ಕಡೆ ತಿರುಗಲಿಲ್ಲ.
ಸಾವಿನ ಸಂಘದ ಐದು ರೂಪಾಯಿ ತಪ್ಪಿಸಿದವರ ಹೆಸರು
ಬಾಗಿಲ ಮೇಲೇ ಬರೆದುಬಿಡೋರು.
ಅದೇ ಕೆಂಪು ರಟ್ಟಿನ ಪುಸ್ತಕದಲ್ಲಿ
ಬಾಷಾ ಸಾಬರ ಗೋರಿಗೂ, ಗಾರೆ ಮುನಿಶಾಮಿಯ ಚಿತೆಗೂ,
ಕೊನೆಗೆ ಜ್ಞಾನಮ್ಮನ ಪೆಟ್ಟಿಗೆಗೂ
ಒಂದೇ ಮೊತ್ತ, ಒಂದೇ ಕೈಬರಹ.
ಕ್ಯಾಂಟೀನಿನ ರಮ್ಮು ತಾವು ಕುಡಿದಿದ್ದು ಕಮ್ಮಿ;
ನಡುರಾತ್ರಿ ಕಂಬ ಹತ್ತುವ ಲೈನ್‌ಮನ್ನಿಗೆ ಕಾಲುಬಾಟಲಿ,
ಇಳಿದ ಮೇಲೆ ಅನ್ನೋ ಷರತ್ತಿನಲ್ಲಿ.

ಯುದ್ಧದ ಮಾತಾಡಿದ್ದು ಒಂದೇ ಸಲ. ನಮ್ಮಪ್ಪನ ಹತ್ತಿರ.
ನಾನು ಮಂಚದ ಕೆಳಗೆ ಗೋಲಿ ಹುಡುಕುತ್ತಿದ್ದೆ.
‘ಎಪ್ಪತ್ತೊಂದು. ಕಬ್ಬಿನ ಗದ್ದೆ. ಹೊಟ್ಟೆ ಮೇಲೆ ತೆವಳಿ
ರಾತ್ರಿಯೆಲ್ಲ ಕಡ್ಡಿ ಚುಚ್ಚಿ ಮುನ್ನೂರು ಗಜ.
ಹಿಂದೆ ಬಿಳಿ ಟೇಪು. ಟೇಪಿನೊಳಗೆ ದಾರಿ,
ಆಚೆಗೆ ಏನಿದೆಯೋ ದೇವರಿಗೂ ಗೊತ್ತಿಲ್ಲ.
ಬೆಳಗಾಯಿತು. ಟ್ಯಾಂಕುಗಳು ದಾಟಿದವು. ಕಾಳಿಮುತ್ತು ನಕ್ಕ.
ಒಂದಕ್ಕೆ ಹೋಗಬೇಕು ಅಂದ.
ಟೇಪು ದಾಟಿ ಎರಡು ಹೆಜ್ಜೆ, ಅಣ್ಣಾ. ಎರಡೇ.
ನಾಚಿಕೆ ಸ್ವಭಾವದವನು.’
ಆಮೇಲೆ ಅಪ್ಪನ ಹತ್ತಿರ ಬೀಡಿ ಇಸಕೊಂಡು
ಹಚ್ಚದೆ ಕೂತಿದ್ದರು.

ಕೋವಿ ಬರೆಯೋಕೆ ಕೂತೆ. ಕೈ ಏಳಲಿಲ್ಲ.
ಅವರ ಕೈಯಲ್ಲಿ ಕೋವಿ ನಾನು ಕಂಡವನಲ್ಲ.
ಮೂಲೆಯಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಎಳೆದೆ.
ಸಂಘದವರು ಕೇಳಿದರೆ ಕುಂಚ ಜಾರಿತು ಅಂತೀನಿ.

ಸಂಜೆ ಬೋರ್ಡು ಕಂಬಕ್ಕೇರಿತು. ಎನಾಮಲ್ ಇನ್ನೂ ಹಸಿ.
ಟ್ಯೂಷನ್ನಿಗೆ ಹೋಗೋ ಮಕ್ಕಳು ಮುಟ್ಟಿಯಾರು ಅಂತ
ಹಳೇ ಪಂಚೆ ಹರಿದು
ಈ ಕಂಬದಿಂದ ಆ ಕಂಬಕ್ಕೆ ಪಟ್ಟಿ ಕಟ್ಟಿದೆ.
ಎರಡು ಜಡೆಯ ಒಂದು ಹುಡುಗಿ ನಿಂತು ಕೇಳಿತು:
‘ಅಂಕಲ್, ಯಾವ ಕಡೆಯಿಂದ ಹೋಗಬೇಕು?’